ಟೋಪಿಯೊಳಗಿನ ಬೆಳಕು

ಶುಕ್ರವಾರ ಬೆಳಿಗ್ಗೆ ಕನ್ನಡಿಯೆದುರು ನಿಂತು ಟೈ ಕಟ್ಟಿಕೊಳ್ಳುತ್ತಿದ್ದ ಆಸ್ವಾಲ್ಡನ ಕೈ ಗಂಟಿನಲ್ಲಿತ್ತು, ಕಿವಿ ಮಾತ್ರ ಹಜಾರದಲ್ಲಿತ್ತು. ಎಸಿ ಗುರ್ರೆನ್ನುತ್ತಿದ್ದಷ್ಟು ಹೊತ್ತು ಹೆದರಿಕೆಯಿಲ್ಲ. ಅದು ನಿಂತು ಮತ್ತೆ ಶುರುವಾಗುವ ನಡುವಿನ ಸ್ವಲ್ಪ ಹೊತ್ತಿನಲ್ಲಿ ಹಜಾರದಿಂದ ಅಡಿಗೆಮನೆಯ ಕಡೆಗೆ ಪೀಂ ಪೀಂ ಎಂದು ಒಂದು ಸದ್ದು ಹೋಗುತ್ತಿತ್ತು. ಆಗಷ್ಟೇ ನಡೆಯಲು ಕಲಿತ ಮಕ್ಕಳಿಗೆ ತೊಡಿಸುವ, ಹೆಜ್ಜೆ ಇಟ್ಟಾಗಲೆಲ್ಲ ಪೀಪಿ ಊದುವ ಶೂಗಳ ಸದ್ದು ಅದು. ಮೊದಲ ಸಲ ಕೇಳಿದಾಗ ಮೇಲಿನ ಮನೆಯ ಮಗು ಇರಬೇಕೆಂದು ಸಮಾಧಾನ ಹೇಳಿಕೊಂಡಿದ್ದ. ಮೇಲಿನ ಮನೆಯಲ್ಲಿ ಇದ್ದದ್ದು ಕೆಳಗಿನ ಗ್ಯಾರೇಜಿನಲ್ಲಿ ದುಡಿಯುವ ಮಲಬಾರಿನ ಬ್ರಹ್ಮಚಾರಿಗಳು. ಅವರ ಪೈಕಿ ಯಾರೂ ಪೀಪಿ ಶೂ ಹಾಕಿಕೊಂಡು ಓಡಾಡುವ ಪ್ರಾಯದವರಲ್ಲ ಎಂದು ಗೊತ್ತಿದ್ದೂ ಒಂದು ಸಂಜೆ ಏನೋ ನೆವ ಮಾಡಿಕೊಂಡು ಮೇಲೆ ಹೋಗಿ ನೋಡಿ ಬಂದಿದ್ದ. ಅವರು ಪಾಪ, ಮೀನು ಹುರಿಯುತ್ತಿದ್ದವರು, ಕೂರಿಸಿ ಚಹಾ ಕೊಡಲು ಬಂದರು. ಚಹಾ ಕುಡಿಯುವುದಿಲ್ಲ ಎಂದಾಗ ಸಕ್ಕರೆ ಕಾಯಿಲೆಯೇ ಎಂದು ಮರುಗಿದರು.

ಎಸಿ ನಿಂತಿತು. ಆಸ್ವಾಲ್ಡ್ ಉಸಿರು ಹಿಡಿದ. ಏನೂ ಇಲ್ಲ. ಅಡಿಗೆಮನೆಯಲ್ಲಿ ಎಸ್ತರ್ ನಲ್ಲಿಯನ್ನು ತಿರುಗಿಸಿದ ಸದ್ದು ಬಂತು. ತಿಂಗಳ ಮೊದಲ ಶುಕ್ರವಾರ ಉಪವಾಸವಾದ್ದರಿಂದ ಒಲೆ ಹಚ್ಚುವ ಕೆಲಸವಿರಲಿಲ್ಲ. ಆದರೂ ಅವಳು ಅಲ್ಲಿ ಏನನ್ನೋ ತೊಳೆಯುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿ ಅಡಿಗೆಮನೆಯಲ್ಲಿ ಒಬ್ಬಳೇ ಇರುವಾಗ ಏನು ಮಾಡುತ್ತಾಳೆಂದು ತನಗೆ ಗೊತ್ತಿಲ್ಲ ಅನ್ನಿಸಿ ಅವನಿಗೆ ನಾಚಿಕೆಯಾಯಿತು. ಇವತ್ತು ಅವರ ಸಭೆಯ ಹಿರಿಯ ಲಾರ್ಸನ್ನರ ಬೌಷರಿನ ವಿಲ್ಲಾದಲ್ಲಿ ಪ್ರಾರ್ಥನೆ ಮುಗಿದ ಮೇಲೆ ಇಬ್ಬರನ್ನೂ ಒಬ್ಬೊಬ್ಬರಾಗಿ ಕರೆದು ನಂಬಿಕೆ ಗಟ್ಟಿಯೇ ಎಂದು ಕೇಳುತ್ತಾರೆ. ಇಬ್ಬರೂ ಗೊತ್ತು, ನಂಬಿದ್ದೇನೆ ಎಂದರೆ ಮನಿಲದ ದೇವಾಲಯಕ್ಕೆ ಹೋಗಲು ಚೀಟಿ. ಅಲ್ಲಿ ಗಂಡ ಹೆಂಡತಿ ಬಿಳಿ ಬಟ್ಟೆಯಲ್ಲಿ ಮೊಣಕಾಲೂರಿ ಕೂತರೆ, ಸತ್ತ ಮಗಳನ್ನು ಎಂದೆಂದಿಗೂ ಬಿಚ್ಚದ ಹಾಗೆ ಅವರಿಗೆ ಕಟ್ಟಿಕೊಡುತ್ತಾರೆ. ಇಬ್ಬರಲ್ಲಿ ಒಬ್ಬರು ಇಲ್ಲ ಎಂದರೂ ಕಟ್ಟುವ ಮಾತಿಲ್ಲ. ಇಲ್ಲ ಎನ್ನಬೇಕಾದವನು ತಾನು. ಟೈಯ ಗಂಟು ಮೂರನೆಯ ಸಲವೂ ಓರೆಯಾಗಿ ಕೂತಿತು. ಹಾಗೇ ಇರಲಿ ಎಂದು ಬಿಟ್ಟ.

ಮಗಳ ಹೆಸರು ಜಸಿಂತಾ. ಹೆಸರು ಎಂದರೆ ಪಾಸ್‌ಪೋರ್ಟಿನಲ್ಲಿ ಇದ್ದ ಹೆಸರು, ದೇವರ ಮುಂದೆ ಇಟ್ಟದ್ದಲ್ಲ. ಇಲ್ಲೇ ಪೇಟೆಯಲ್ಲಿ, ರುವಿಯ ಇಗರ್ಜಿಯಲ್ಲೇ ಪಾದ್ರಿಗಳು ಅರ್ಧ ಗಂಟೆಯಲ್ಲಿ ಜ್ಞಾನಸ್ನಾನ ಮಾಡಿಸಿ ಕಳಿಸುತ್ತಿದ್ದರು. ಆದರೆ ಗಲ್ಫಿನಲ್ಲಿರುವವನ ಚೊಚ್ಚಲ ಮಗುವಿನ ಜ್ಞಾನಸ್ನಾನವೆಂದರೆ ಸಾಮಾನ್ಯವೇ? ಊರಿನ ಇಗರ್ಜಿಯೇ ಆಗಬೇಕು, ಬ್ಯಾಂಡು ಬರಬೇಕು, ಅಂಗಳದಲ್ಲಿ ಚಪ್ಪರ, ಸಣ್ಣ ಎಂಬ ಕಳ್ಳಿನ ಇಡ್ಲಿ ಮತ್ತು ಹಂದಿಮಾಂಸ, ಒಂದು ಕಾಲದಲ್ಲಿ ಆಸ್ವಾಲ್ಡನ ಅಪ್ಪನನ್ನು ಊಟಕ್ಕೆ ಕೊನೆಯ ಸಾಲಿನಲ್ಲಿ ಕೂರಿಸಿದ ನೆಂಟರೆಲ್ಲ ಮೊದಲು ಬಂದು ಕೂರಬೇಕು. ಹಾಗೆಂದು ರಜೆಗೆ ಕಾದರು. ಮೊದಲ ಸಲ ಕಂಪನಿ ರಜೆ ಕೊಡಲಿಲ್ಲ. ಎರಡನೆಯ ಸಲ ಟಿಕೆಟ್ ಕೈಯಲ್ಲಿದ್ದಾಗ ಕುವೈತಿನ ಯುದ್ಧ ಶುರುವಾಗಿ ವಿಮಾನಗಳು ರದ್ದಾದವು. ಆಗಲಿ, ನಡೆಯುತ್ತಾ ಹೋಗಿ ತಲೆಗೆ ನೀರು ಹಾಕಿಸಿಕೊಳ್ಳುತ್ತಾಳೆ ಎಂದು ಎಸ್ತರ್ ನಕ್ಕಿದ್ದಳು. ಯುದ್ಧ ಮುಗಿದು ವಿಮಾನಗಳು ಹಾರತೊಡಗಿದ ವಾರದಲ್ಲಿ ಮಗುವಿಗೆ ಜ್ವರ ಬಂತು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಹನಿಯುವುದನ್ನು ನೋಡುತ್ತ ನಿಂತ ಆಸ್ವಾಲ್ಡನಿಗೆ ಗೊತ್ತಿತ್ತು, ಹೀಗಿರುವಾಗ ಪಾದ್ರಿಯೇ ಬೇಕೆಂದಿಲ್ಲ, ಯಾರಾದರೂ ಹಣೆಗೆ ನೀರು ಹಾಕಿ ಎರಡು ಮಾತು ಹೇಳಿದರೂ ಸಾಕು. ಲೋಟದಲ್ಲಿ ನೀರೂ ಇತ್ತು. ಹಾಕಿದರೆ ಮಗು ಸಾಯುತ್ತದೆಂದು ತಾನೇ ಒಪ್ಪಿಕೊಂಡ ಹಾಗಾಗುತ್ತದೆ ಎಂದು ಸುಮ್ಮನೆ ನಿಂತ. ಮಣ್ಣು ಮಾಡುವ ದಿನ ಎಸ್ತರ್ ಪೀಪಿ ಶೂಗಳನ್ನು ತಂದುಕೊಟ್ಟಳು. "ಹಾಕಿ. ನಡೆಯುವಾಗ ಕಲ್ಲು ಚುಚ್ಚಬಾರದು" ಎಂದಳು. ಆ ಪುಟ್ಟ ಕಾಲುಗಳಿಗೆ ಅವನ್ನು ತೊಡಿಸಿದವನು ಆಸ್ವಾಲ್ಡನೇ. ಒಂದು ಶೂ ಬೆರಳೊತ್ತಿಗೆ ಪೀಂ ಎಂದಿತು, ಪೆಟ್ಟಿಗೆಯ ಸುತ್ತ ನಿಂತವರೆಲ್ಲ ಬೆಚ್ಚಿದರು. ಆ ಶೂಗಳು ಎರಡು ಬೋಳುಗುಡ್ಡಗಳ ನಡುವಿನ ಕ್ರೈಸ್ತರ ಮಸಣದಲ್ಲಿ ಮಣ್ಣಿನಡಿ ಇವೆ. ಮನೆಯಲ್ಲಿ ಅಂಥ ಶೂ ಇಲ್ಲ.

ಊರಿಗೆ ಫೋನು ಮಾಡಿದಾಗ ಅಮ್ಮ ಅತ್ತು ಮುಗಿಸಿ ಹೇಳಿದ ಮಾತು ತಂತಿಯ ಗೊರಗೊರದ ನಡುವೆಯೂ ಸ್ಪಷ್ಟವಾಗಿ ಕೇಳಿತ್ತು. "ಜ್ಞಾನಸ್ನಾನ ಆಗದ ಜೀವ ಅಲ್ವ ಮಗಾ, ಒಳಗೆ ಹೋಗ್ಲಿಕ್ಕೆ ಬಿಡುವುದಿಲ್ಲ. ಬಾಗಿಲ ಹೊರಗೆ ನಿಲ್ಲಬೇಕು. ನರಕ ಅಲ್ಲ, ಆದರೆ ಒಳಗೆ ಸಹ ಅಲ್ಲ." ಈಗ ಹಾಗೆಲ್ಲ ಇಲ್ಲ, ದೇವರ ಕರುಣೆ ದೊಡ್ಡದು ಎಂದು ರುವಿಯ ಪಾದ್ರಿಗಳು ಸಮಾಧಾನ ಹೇಳಿದರು. ಆದರೆ ಪಾದ್ರಿ ಹೇಳಿದ್ದು ಕಿವಿಯವರೆಗೆ ಬಂತು, ಅಮ್ಮ ಹೇಳಿದ್ದು ಹೊಟ್ಟೆಗೆ ಇಳಿಯಿತು. ನಡೆಯಲು ಆಗಷ್ಟೇ ಕಲಿತ ಮಗು ಮುಚ್ಚಿದ ಬಾಗಿಲೊಂದರ ಹೊರಗೆ ನಿಂತಿರುವುದು ಅವನಿಗೆ ಹಗಲು ಹೊತ್ತಿನಲ್ಲಿ, ಆಫೀಸಿನಲ್ಲಿ, ನಕ್ಷೆ ಎಳೆಯುವ ಮೇಜಿನ ಮುಂದೆ ಕಾಣುತ್ತಿತ್ತು. ಆಸ್ವಾಲ್ಡ್ ಅಂತರ್ಜಲ ಹುಡುಕುವ ಕಂಪನಿಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಲಾರ್ಸನ್ ಅಲ್ಲಿಯ ಭೂವಿಜ್ಞಾನಿ, ಅಮೆರಿಕದವರು, ದೊಡ್ಡ ಕೈಗಳ ಮೃದು ಮನುಷ್ಯ. ಒಂದು ದಿನ ಅವರು ಮೇಜಿನ ಪಕ್ಕ ನಿಂತು, ನಕ್ಷೆಯ ಮೇಲೆ ಬಿದ್ದ ನೀರಿನ ಹನಿಯನ್ನು ತಮ್ಮ ಕರವಸ್ತ್ರದಿಂದಲೇ ಒರೆಸಿ, ನಮ್ಮಲ್ಲಿ ಎಂಟು ವರ್ಷದೊಳಗಿನ ಮಕ್ಕಳಿಗೆ ಜ್ಞಾನಸ್ನಾನವೇ ಬೇಕಾಗಿಲ್ಲ, ಅವರು ನೇರ ಒಳಗೆ ಹೋಗುತ್ತಾರೆ, ನೀವು ಹೋದಾಗ ನಿಮ್ಮ ಮಗುವನ್ನು ನಿಮ್ಮ ಕೈಗೇ ಕೊಡುತ್ತಾರೆ, ನೀವೇ ಬೆಳೆಸಬಹುದು ಎಂದರು. ನೆಲದಡಿ ನೀರಿದೆ ಎಂದು ಹೇಳುವಷ್ಟೇ ಸರಳವಾಗಿ ಹೇಳಿದರು. ಆಸ್ವಾಲ್ಡ್ ಅಲ್ಲೇ ಕೂತು ಗೊಳೋ ಎಂದು ಅತ್ತ. ಮುಂದಿನ ರಜೆಯಲ್ಲಿ ಗಂಡ ಹೆಂಡತಿ ಬೆಂಗಳೂರಿಗೆ ಹೋಗಿ, ಯಾರದೋ ಮನೆಯ ಹಿತ್ತಲಿನ ತೊಟ್ಟಿಯಲ್ಲಿ ಮುಳುಗೆದ್ದು ಲಾರ್ಸನ್ನರ ಪಂಥಕ್ಕೆ ಸೇರಿ ಮೊರ್ಮನ್ನರಾದರು. ಪಂಥದ ಕಟ್ಟಳೆಯೆಂದು ಚಹಾ ಬಿಟ್ಟರು, ಕಾಫಿ ಬಿಟ್ಟರು, ಬಂಧುಗಳು ಅವರನ್ನು ಬಿಟ್ಟರು. ಪಕ್ಕದ ಕಟ್ಟಡದ ಮಂಗಳೂರಿನವರಿಂದ ಕ್ರಿಸ್‌ಮಸ್ಸಿಗೆ ಬರುತ್ತಿದ್ದ ಕುಸ್ವಾರ್ ತಿಂಡಿಗಳ ತಟ್ಟೆ ನಿಂತಿತು. ನಿಲ್ಲಲಿ, ಮಗುವಿಗೆ ಒಂದು ಜಾಗ ಸಿಕ್ಕಿತಲ್ಲ.

"ಹೊರಡುವನಾ?" ಎಂದು ಎಸ್ತರ್ ಬಾಗಿಲಲ್ಲಿ ನಿಂತು ಕೇಳಿದಳು. ಮುಖ ಶಾಂತವಾಗಿತ್ತು. ಈಚೆಗೆ ಕೆಲವು ವಾರಗಳಿಂದ ಅವಳ ಮುಖಕ್ಕೆ ಒಂದು ಕಳೆ ಬಂದಿತ್ತು. ಅದನ್ನು ನೋಡಿದಾಗಲೆಲ್ಲ ಅವನಿಗೆ ಬಾಯಿ ಕಟ್ಟುತ್ತಿತ್ತು. ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದಿದ್ದ! ಮೊನ್ನೆ ಅವಳು ಬಿಳಿ ಬಟ್ಟೆ ಹರಡಿ ಕತ್ತರಿಸುತ್ತ ಕೂತಿದ್ದಾಗ, ಮನಿಲದ ತಯಾರಿ ಇರಬೇಕು ಎಂದುಕೊಂಡು, "ಎಸ್ತರ್, ಈ ಮೊರ್ಮನ್ನರ ಪುಸ್ತಕ ಉಂಟಲ್ಲ..." ಎಂದು ಶುರುಮಾಡಿದ. ಅವಳು ಕತ್ತರಿ ನಿಲ್ಲಿಸಿ ನೋಡಿದಳು. "ಎಂಥ?" "ಎಂಥದ್ದಿಲ್ಲ, ಎಸಿಯ ನೀರು ಸೋರ್ತಾ ಉಂಟು" ಎಂದ. ಎದ್ದು ಹೋಗಿ ಸೋರದ ಎಸಿಯ ಕೆಳಗೆ ಒಂದು ಬಾಲ್ದಿಯನ್ನೂ ಇಟ್ಟ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನ ಪಾಡು, ಉಗುಳಲೂ ಆಗದು, ನುಂಗಲೂ ಆಗದು.

ಕೆಳಗೆ ಭೋಜರಾಜ ಲುಂಗಿ ಎತ್ತಿ ಕಟ್ಟಿ ತನ್ನ ಕಾರು ತೊಳೆಯುತ್ತಿದ್ದ. ಅದೇ ಕಟ್ಟಡದ ಕೆಳಮನೆಯವನು, ಅದೇ ಆಫೀಸಿನ ಲೆಕ್ಕದವನು, ಬಾಯಿಗೆ ಬೀಗವಿಲ್ಲದ ಒಳ್ಳೆಯವನು. "ಇವತ್ತು ಸಹ ಉಪವಾಸವಾ ಮಾರಾಯ? ಒಂದು ಗ್ಲಾಸ್ ಚಾ ಕುಡಿದರೆ ನಿಮ್ಮ ಸ್ವರ್ಗದ ವೀಸಾ ಕ್ಯಾನ್ಸಲ್ ಆಗ್ತದಾ? ವೀಸಾ ಕೊಟ್ಟ ನಿಮ್ಮ ಕಫೀಲ್ ಎಂಥವ ಮಾರಾಯ!" ಎಂದು ನಕ್ಕ. ಎಸ್ತರ್ ಕೂಡ ನಕ್ಕಳು. ಆಸ್ವಾಲ್ಡನಿಗೆ ನಗು ಬರಲಿಲ್ಲ. ಹಿಂದೆಲ್ಲ ಈ ತಮಾಷೆಗೆ ಅವನ ಮೈ ಉರಿಯುತ್ತಿತ್ತು. ಈಗ ಉರಿಯದಿರುವುದೇ ಹೆದರಿಕೆ. ಬೈದರೆ ನೋವಾಗದ ಜಾಗವೆಂದರೆ ಸತ್ತ ಜಾಗ.

ಗುಡ್ಡಗಳ ನಡುವೆ ಕಡಿದ ರಸ್ತೆಯಲ್ಲಿ ಕಾರು ಏರುತ್ತಿತ್ತು. ಎರಡೂ ಬದಿಗೆ ಬೋಳು ಕಲ್ಲು, ಒಂದು ಹುಲ್ಲುಕಡ್ಡಿಯಿಲ್ಲ. ಇಂಥದೇ ಕಲ್ಲಿನ ನಡುವೆ, ವಾದಿ ಎನ್ನುವ ಒಣ ಹೊಳೆಯೊಂದರ ದಂಡೆಯ ಖರ್ಜೂರದ ನೆರಳಿನಲ್ಲಿ, ಚಳಿಗಾಲದ ಕೊನೆಯ ಒಂದು ಶುಕ್ರವಾರ ಲಾರ್ಸನ್ ಎಲ್ಲರನ್ನೂ ಬುತ್ತಿ ಕಟ್ಟಿಸಿ ಕರೆದುಕೊಂಡು ಹೋಗಿದ್ದರು. ಅಲ್ಲೊಂದು ಹಳೆಯ ತೋಡುಬಾವಿ. ಊಟವಾದ ಮೇಲೆ ಅವರು ಬಾವಿಯ ಕಟ್ಟೆಯ ಮೇಲೆ ಕೂತು ಲಹರಿಯಲ್ಲಿ ಹೇಳಿದರು, ನಮ್ಮ ಪಂಥ ಕಟ್ಟಿದ ಪ್ರವಾದಿಗೂ ಬಾವಿಗೂ ನಂಟು ಗೊತ್ತೇ? ಅವರು ಹುಡುಗನಾಗಿದ್ದಾಗ ನೆರೆಯವರ ಬಾವಿ ತೋಡುವಾಗ ಒಂದು ಕಲ್ಲು ಸಿಕ್ಕಿತು. ಮೊಟ್ಟೆಯಷ್ಟು ದೊಡ್ಡದು. ಅದರಲ್ಲಿ ನೋಡಿ ಊರವರಿಗೆ ಕಳೆದುಹೋದ ವಸ್ತು, ಹೂತಿಟ್ಟ ನಿಧಿ ಎಲ್ಲಿದೆ ಎಂದು ಹೇಳುತ್ತಿದ್ದರಂತೆ. ಆ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದದ್ದೇ. ಆಮೇಲೆ ದೇವದೂತ ಕೊಟ್ಟ ಚಿನ್ನದ ಹಾಳೆಗಳಿಂದ ನಮ್ಮ ಪುಸ್ತಕವನ್ನು ಅನುವಾದಿಸಿದ್ದೂ ಬಹುಪಾಲು ಅದೇ ಕಲ್ಲಿನಿಂದ. ಕಲ್ಲನ್ನು ಟೋಪಿಯಲ್ಲಿ ಹಾಕಿ, ಬೆಳಕು ಒಳಗೆ ಬಾರದ ಹಾಗೆ ಮುಖವನ್ನು ಟೋಪಿಯೊಳಗೆ ಹುಗಿದರೆ, ಕತ್ತಲೆಯಲ್ಲಿ ಅಕ್ಷರಗಳು ಬೆಳಗುತ್ತಿದ್ದವು. ಓದಿ ಹೇಳುತ್ತಿದ್ದರು, ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಹಾಳೆಗಳು ಪಕ್ಕದಲ್ಲಿ ಬಟ್ಟೆ ಮುಚ್ಚಿಕೊಂಡು ಸುಮ್ಮನೆ ಇರುತ್ತಿದ್ದವು. "ನಮ್ಮಲ್ಲಿ ಕೆಲವರು ಇದನ್ನು ಹೇಳಲು ಮುಜುಗರಪಡುತ್ತಾರೆ. ನನಗೆ ಇದು ಬಹಳ ಇಷ್ಟ. ನೋಡಿ, ಹೀಗೆ" ಎಂದು ಲಾರ್ಸನ್ ತಮ್ಮ ಕ್ಯಾನ್ವಾಸ್ ಟೋಪಿಯನ್ನು ತಿರುಗಿಸಿ ಹಿಡಿದು ಅದರೊಳಗೆ ಮುಖ ಹುಗಿದರು. ಆ ದೊಡ್ಡ ಮನುಷ್ಯನ ಮುಖವಿದ್ದಲ್ಲಿ ಟೋಪಿಯ ಬೆನ್ನು ಮಾತ್ರ ಇತ್ತು. ಒಳಗಿನಿಂದ ದನಿ ಬಾವಿಯಿಂದ ಬಂದ ಹಾಗೆ ಬಂತು. ಏನು ಹೇಳಿದರೋ, ಎಲ್ಲರೂ ಮೆಲ್ಲಗೆ ನಕ್ಕರು. ಆಸ್ವಾಲ್ಡ್ ಮಾತ್ರ ಬಾವಿಯ ಕಟ್ಟೆಯಿಂದ ಒಂದು ಹೆಜ್ಜೆ ಹಿಂದೆ ಸರಿದ. ಮನೆಯ ಗೋಡೆಯ ಮೇಲಿದ್ದ ಬಣ್ಣದ ಚಿತ್ರದಲ್ಲಿ ಪ್ರವಾದಿ ಮೇಜಿನ ಮುಂದೆ ಕೂತು, ಚಿನ್ನದ ಹಾಳೆಯ ಮೇಲೆ ಬೆರಳಿಟ್ಟು, ಲಕ್ಷಣವಾಗಿ ಓದುತ್ತಿದ್ದ. ಆ ಚಿತ್ರವನ್ನು ಕೊಟ್ಟವರೂ ಲಾರ್ಸನ್ನರೇ.

ಚಿತ್ರ ಸುಳ್ಳಾಯಿತೆಂದು ಅವನಿಗೆ ಸಿಟ್ಟು ಬರಲಿಲ್ಲ. ಟೋಪಿಯೊಳಗಿನ ಆ ಕತ್ತಲೆ ಅವನಿಗೆ ಪರಿಚಯವಿತ್ತು, ಅದೇ ಕಷ್ಟವಾಯಿತು. ಹೊಳೆಯಾಚೆ ಅವ್ವಮ್ಮನ ಮನೆಗೆ ಅಮ್ಮ ಅವನನ್ನು ಕೈಹಿಡಿದು ಕರೆದುಕೊಂಡು ಹೋದದ್ದು ಹೆಚ್ಚುಕಡಿಮೆ ಏಳು ವರ್ಷದವನಿದ್ದಾಗ. ಅಮ್ಮನ ಚಿನ್ನದ ಸರ ಕಾಣೆಯಾಗಿತ್ತು. ಅಂಜನ ಹಾಕಿ ನೋಡಿಸುವುದು ಪಾದ್ರಿಗಳಿಗೆ ಗೊತ್ತಾದರೆ ಮಾನ ಹೋಗುತ್ತದೆಂದು ಅಮ್ಮ ಬಿಸಿಲಿಲ್ಲದಿದ್ದರೂ ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು ದೋಣಿ ಹತ್ತಿದಳು. ಬ್ಯಾರಿ ಮುಸಲ್ಮಾನರ ಮುದುಕಿ ಅವ್ವಮ್ಮ ವೀಳ್ಯದೆಲೆಗೆ ಎಣ್ಣೆಮಸಿ ಬಳಿದು ಅವನ ಅಂಗೈಯಲ್ಲಿಟ್ಟಳು. ಅಂಜನದಲ್ಲಿ ದೊಡ್ಡವರಿಗೆ ಏನೂ ಕಾಣುವುದಿಲ್ಲ, ಮಗುವೇ ನೋಡಬೇಕು. ಬಾಗಿಲು ಮುಚ್ಚಿದರು. ಅವ್ವಮ್ಮ ಕೇಳಿದಳು, "ಎಂಥ ಕಾಣ್ತದೆ ಮಗಾ?" "ಕಪ್ಪು." "ಸರಿಯಾಗಿ ನೋಡು. ಯಾರೋ ಗುಡಿಸ್ತಾ ಇಲ್ವ ಅಲ್ಲಿ?" ನೋಡಿದ. ಕಪ್ಪಿನೊಳಗೆ ಏನೋ ಬಾಗಿತು. ನಿಜವಾಗಿಯೂ ಬಾಗಿತು. "ಗುಡಿಸ್ತಾ ಇದ್ದಾಳೆ." "ಸೀರೆ ಎಂಥ ಬಣ್ಣ? ಕೆಂಪಾ?" ಕೇಳಿದ ಕೂಡಲೇ ಮಸಿಯಲ್ಲಿ ಕೆಂಪು ಹರಡಿತು. "ಕೆಂಪು." ಅಮ್ಮ ಉಸಿರೆಳೆದುಕೊಂಡಳು. ಮನೆಗೆಲಸದ ಸುಂದರಿಗೆ ಇದ್ದದ್ದೇ ಎರಡು ಸೀರೆ, ಆ ವಾರ ಉಟ್ಟದ್ದು ಕೆಂಪು. ಮಾರನೆಯ ದಿನ ಅವಳನ್ನು ಕೆಲಸದಿಂದ ಬಿಡಿಸಿದರು. ಅಂಗಳದ ತುದಿಯಲ್ಲಿ ನಿಂತು ಅವಳು ಅವನನ್ನು ಕರೆದು, "ನೀವೇ ಕಂಡದ್ದಾ ಸಣ್ಣ ಧಣಿ?" ಎಂದು ಕೇಳಿದಳು. ಅಳಲಿಲ್ಲ, ಬೈಯಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಕಂಡದ್ದು ಹೌದಲ್ಲ. ಮಳೆಗಾಲದಲ್ಲಿ ಅಕ್ಕಿಮುಡಿ ಬಿಚ್ಚಿದಾಗ ಸರ ಅದರೊಳಗೆ ಇತ್ತು, ಅಮ್ಮನೇ ಬಚ್ಚಿಟ್ಟು ಮರೆತದ್ದು. "ಹೋದದ್ದು ಹೋಯಿತು" ಎಂದಳು ಅಮ್ಮ. ಸುಂದರಿಗೆ ಯಾರೂ ಹೇಳಿಕಳಿಸಲಿಲ್ಲ.

ಸುಳ್ಳು ಹೇಳಿದ್ದರೆ ಎಷ್ಟು ಸುಲಭವಿತ್ತು! ಸುಳ್ಳಿಗೆ ಪಾಪನಿವೇದನೆ ಇದೆ, ಶಿಕ್ಷೆ ಇದೆ, ಕ್ಷಮೆ ಇದೆ. ಅವನು ಕಂಡಿದ್ದ. ಸುಂದರಿ ಕದ್ದಿರಲಿಲ್ಲ, ಆದರೂ ಆ ಎಲೆಯ ಕಪ್ಪಿನಲ್ಲಿ ಯಾರೋ ಬಾಗಿ ಗುಡಿಸಿದ್ದರು. ಹಾಗಾದರೆ ಅದು ಯಾರು? ಈ ಪ್ರಶ್ನೆಯನ್ನು ಮೂವತ್ತು ಚಿಲ್ಲರೆ ವರ್ಷ ಒಳಗೆಲ್ಲೋ ಅದುಮಿಟ್ಟಿದ್ದ. ಬಾವಿಯ ಕಟ್ಟೆಯ ಮೇಲೆ ಟೋಪಿಯಲ್ಲಿ ಹುಗಿದ ಮುಖ ಅದನ್ನು ಎಬ್ಬಿಸಿತು. ಪ್ರವಾದಿ ಮೋಸಗಾರನೆಂದು ಬೈಯುವವರು ಬೈದುಕೊಳ್ಳಲಿ, ಆಸ್ವಾಲ್ಡನಿಗೆ ಹಾಗೆ ಅನ್ನಿಸಲಿಲ್ಲ. ಆ ಹುಡುಗನೂ ಕಂಡಿರಬೇಕು. ಸುತ್ತ ನಿಂತ ದೊಡ್ಡವರು ಕಾಯುತ್ತಿದ್ದಾಗ, ಬೇಡುತ್ತಿದ್ದಾಗ, ಕತ್ತಲೆ ಏನನ್ನಾದರೂ ಕೊಟ್ಟೇ ಕೊಡುತ್ತದೆ. ಕಂಡದ್ದು ಹೌದು, ಇದ್ದದ್ದು ಅಲ್ಲ. ಸಣ್ಣ ಮಕ್ಕಳಿಗೆ ಜ್ಞಾನಸ್ನಾನ ಬೇಕಿಲ್ಲ ಎಂಬ ಮಾತು ಇರುವುದೂ ಅದೇ ಪುಸ್ತಕದಲ್ಲಿ. ಅದೂ ಟೋಪಿಯಿಂದಲೇ ಬಂದದ್ದು. ಯಾರೋ ಮಗು ಕಳೆದುಕೊಂಡವರು ಆ ದಿನ ಪಕ್ಕದಲ್ಲಿ ಕೂತು ಬೇಡಿದ್ದಿರಬಹುದು. ಹಾಗಿದ್ದರೆ ಜಸಿಂತಾ ಒಳಗಿಲ್ಲ. ಅಮ್ಮ ಹೇಳಿದ ಬಾಗಿಲ ಹೊರಗೂ ಇಲ್ಲ, ಯಾಕೆಂದರೆ ಒಂದು ಟೋಪಿಯನ್ನು ಅನುಮಾನಿಸಿದ ಮೇಲೆ ಇನ್ನೊಂದನ್ನು ಹೇಗೆ ಬಿಡುವುದು? ವಾದಿಯಿಂದ ಮರಳಿ ಮನೆಯ ಬೀಗ ತೆಗೆದು ಒಳಗೆ ಕಾಲಿಟ್ಟ ಆ ಸಂಜೆಯೇ ಮೊದಲ ಸಲ ಅಡಿಗೆಮನೆಯ ಕಡೆಗೆ ಪೀಂ ಪೀಂ ಕೇಳಿದ್ದು. ನಂಬಿಕೆ ಇದ್ದಷ್ಟು ದಿನ ಮಗುವಿಗೆ ಒಂದು ಜಾಗವಿತ್ತು. ಅದನ್ನು ಇವನು ಕಿತ್ತುಕೊಂಡ. ನಡೆಯಲು ಬರುವ ಮಗು, ಎಲ್ಲಿಗಾದರೂ ಬರಲೇಬೇಕಲ್ಲ.

ಬೌಷರಿನ ವಿಲ್ಲಾದಲ್ಲಿ ಪರದೆಗಳನ್ನು ಎಳೆದಿದ್ದರು. ನೆರೆಯವರಿಗೆ ಕೇಳಿಸದ ಹಾಗೆ ಅಡಗಿಸಿದ ದನಿಯಲ್ಲಿ ಸ್ತೋತ್ರ ಹಾಡಿದರು. ಲಾರ್ಸನ್ನರದಲ್ಲದೆ ಇನ್ನೊಂದು ಅಮೆರಿಕನ್ ಕುಟುಂಬ, ಫಿಲಿಪ್ಪೀನಿನ ಕೆಲವು ನರ್ಸುಗಳು, ಇವರಿಬ್ಬರು, ಇಷ್ಟೇ ಸಭೆ. ಆಫೀಸಿನಲ್ಲಿ ಆರು ದಿನ ಸಾರ್ ಎಂದು ಕರೆದ ಬಾಯಲ್ಲಿ ಶುಕ್ರವಾರ ಬ್ರದರ್ ಎನ್ನಬೇಕಾದಾಗ ಆಸ್ವಾಲ್ಡನಿಗೆ ಇಂದಿಗೂ ನಾಲಿಗೆ ತೊಡರುತ್ತಿತ್ತು, ಎರಡನ್ನೂ ಬಿಟ್ಟು ಬರೀ ಹಲ್ಲು ಕಿರಿಯುತ್ತಿದ್ದ. ಒಬ್ಬೊಬ್ಬರಾಗಿ ಎದ್ದು ನಿಂತು, ನನಗೆ ಗೊತ್ತು, ಇದು ನಿಜ ಎಂದು ಸಾಕ್ಷಿ ಹೇಳಿದರು. ಒಬ್ಬ ನರ್ಸ್ ಅಳುತ್ತಾ ಹೇಳಿದಳು. ಎಲ್ಲರ ಕಣ್ಣು ಒಮ್ಮೆ ಇವನ ಮೇಲೆ ಹಾದುಹೋಯಿತು. ಇವನು ಮೊಣಕಾಲಿನ ಮೇಲೆ ಅಂಗೈ ಮೇಲ್ಮುಖವಾಗಿಟ್ಟುಕೊಂಡು ಕೂತಿದ್ದ. ಗಮನಕ್ಕೆ ಬಂದ ಕೂಡಲೇ ಮಗುಚಿದ. ಹಸಿವಿನಿಂದ ಹೊಟ್ಟೆ ದೊಡ್ಡದಾಗಿ ಗುರುಗುಟ್ಟಿತು, ಅದೊಂದೇ ಅವನ ಸಾಕ್ಷಿಯಾಯಿತು. ಪಕ್ಕದಲ್ಲಿ ಎಸ್ತರ್ ತುಟಿ ಬಿಗಿಹಿಡಿದು ನಗು ತಡೆದಳು. ಆ ನಗುವಿಗಾಗಿ ಅವನಿಗೆ ಅವಳ ಮೇಲೆ ಉಕ್ಕಿ ಬಂದ ಪ್ರೀತಿ ಎಷ್ಟೆಂದರೆ, ಅಲ್ಲಿಯೇ ನಿರ್ಧಾರವಾಗಿಹೋಯಿತು. ಸುಳ್ಳು ಹೇಳುತ್ತೇನೆ. ಗೊತ್ತು ಎನ್ನುತ್ತೇನೆ. ಇವಳಿಗೆ ಇವಳ ಮಗು ಸಿಗಲಿ.

ಮೊದಲು ಎಸ್ತರಳನ್ನು ಒಳಗೆ ಕರೆದರು. ಬೇಗನೇ ಹೊರಗೆ ಬಂದಳು. ಮನೆಗೆಲಸ ಮುಗಿಸಿ ಬಂದವಳ ಹಾಗೆ ಎರಡೂ ಕೈಗಳನ್ನು ಸೀರೆಯ ಮಗ್ಗುಲಿಗೆ ಒರೆಸಿಕೊಂಡು, "ಕಾರಿನ ಹತ್ತಿರ ಇರ್ತೇನೆ, ಕೀ ಕೊಡಿ" ಎಂದಳು. ಕೊಟ್ಟ. ಒಳಗೆ ಲಾರ್ಸನ್ನರ ಓದುವ ಕೋಣೆಯಲ್ಲಿ, ನೀರು ಹುಡುಕಲು ಎಲ್ಲೆಲ್ಲಿಯೋ ನೆಲ ಕೊರೆದು ತೆಗೆದ ಕಲ್ಲಿನ ಕಂಬಿಗಳು ಪೆಟ್ಟಿಗೆಗಳಲ್ಲಿ ಸಾಲಾಗಿ ಮಲಗಿದ್ದವು. ಲಾರ್ಸನ್ ಬಾಗಿಲು ಹಾಕಿ ಅವನಿಗೆ ಕುರ್ಚಿ ತೋರಿಸಿದರು. ಆಮೇಲೆ, "ಸಿಸ್ಟರ್ ಎಸ್ತರ್ ಮನಿಲಕ್ಕೆ ಬರುವುದಿಲ್ಲ ಎನ್ನುತ್ತಾರೆ. ನಿಮಗೆ ತಿಳಿದಿತ್ತೇ?" ಎಂದರು.

ಆಸ್ವಾಲ್ಡನಿಗೆ ಮೊದಲು ಕೇಳಿಸಿದ್ದು ಅರ್ಥವಾಗಲಿಲ್ಲ.

"ನಂಬಿಕೆ ಇಲ್ಲವೇ ಎಂದು ಕೇಳಿದೆ. ಹಾಗೇನಿಲ್ಲ ಎಂದರು. ಅಲ್ಲಿ ನಿಮ್ಮ ಮಗಳ ಬದಲಿಗೆ ಬೇರೆ ಯಾರೋ ಹುಡುಗಿ ಮೊಣಕಾಲೂರುತ್ತಾಳಲ್ಲ, ಅದು ಯಾಕೆ ಬೇಕು ಎಂದರು. ಮಗು ಮನೆಯಲ್ಲೇ ಇದೆ, ಚಳಿಗಾಲ ಮುಗಿಯುವ ಹೊತ್ತಿಗೆ ಬಂತು, ಈಗ ಅಡಿಗೆಮನೆಯವರೆಗೂ ಬರುತ್ತದೆ ಎಂದರು." ಲಾರ್ಸನ್ನರ ನೀಲಿ ಕಣ್ಣುಗಳು ತುಂಬಿದ್ದವು. "ಬ್ರದರ್ ಆಸ್ವಾಲ್ಡ್, ಇಷ್ಟು ಹತ್ತಿರದ ನಂಬಿಕೆ ನಾನು ಯಾರಲ್ಲೂ ನೋಡಿಲ್ಲ. ನನಗೆ ಅಸೂಯೆಯಾಯಿತು."

ಕುರ್ಚಿಯ ಕೈಯನ್ನು ಆಸ್ವಾಲ್ಡ್ ಗಟ್ಟಿಯಾಗಿ ಹಿಡಿದುಕೊಂಡ. ಅವಳು ಕತ್ತರಿಸುತ್ತಿದ್ದ ಬಿಳಿ ಬಟ್ಟೆ ಎಷ್ಟು ಸಣ್ಣದಿತ್ತು ಎಂದು ಈಗ ಕಣ್ಣಿಗೆ ಬಂತು. ದೊಡ್ಡವರ ತೋಳಿಗೂ ಸಾಲದ ತುಂಡುಗಳು. ಉಪವಾಸದ ಬೆಳಿಗ್ಗೆ ಅವಳು ನಲ್ಲಿಯ ಕೆಳಗೆ ಹಿಡಿದು ತೊಳೆಯುತ್ತಿದ್ದದ್ದು ಏನು? ಬಟ್ಟಲೇ? ಯಾರು ಉಂಡ ಬಟ್ಟಲು? ತನ್ನ ಕಿವಿಯೊಳಗಿನ ಭ್ರಾಂತಿ ಎಂದು ಅವನು ಬಚ್ಚಿಟ್ಟುಕೊಂಡದ್ದನ್ನು ಅವಳೂ ಕೇಳಿದ್ದಳು. ಅವನು ಕೇಳಿ ಎಸಿಯ ಮರೆಯಲ್ಲಿ ಅಡಗಿದ, ಅವಳು ಕೇಳಿ ಫ್ರಾಕು ಹೊಲಿದಳು. ಇರುಳು ಕಂಡ ಬಾವಿಗೆ ಹಗಲು ಬೀಳುವುದೆಂದರೆ ಇದೇ ಇರಬೇಕು. ಹೆದರಿಕೆಯಲ್ಲಿ ಅವನ ತಲೆ ಸ್ಪಷ್ಟವಾಗಿ ಓಡಿತು. ಮಗು ಮನೆಯಲ್ಲಿ ಇರಬಾರದು. ಮಣ್ಣಿನಡಿಯ ಶೂ ಹಾಕಿಕೊಂಡು ವಾದಿ ಕಬೀರಿನ ತಮ್ಮ ಮನೆಯ ಹಜಾರದಲ್ಲಿ ತಿರುಗಬಾರದು. ಅದಕ್ಕೊಂದು ಸ್ವರ್ಗ ಬೇಕು. ಯಾವುದಾದರೂ ಸರಿ, ಕಲ್ಲಿನಿಂದ ಬಂದದ್ದಾಗಲಿ, ಟೋಪಿಯಿಂದ ಬಂದದ್ದಾಗಲಿ, ಬಾಗಿಲು ಇರುವ, ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಳ್ಳುವ ಒಂದು ಜಾಗ ಬೇಕು. ಇಷ್ಟು ದಿನ ನಂಬಿಕೆ ತನ್ನನ್ನು ಬಿಟ್ಟುಹೋಯಿತೆಂದು ಕೊರಗಿದವನು, ಜೀವಮಾನದಲ್ಲಿ ಮೊದಲ ಸಲ, ಯಾವುದಾದರೂ ಒಂದು ನಿಜವಾಗಿರಲಿ ಎಂದು ಹಲ್ಲು ಕಚ್ಚಿ ಬೇಡಿಕೊಂಡ.

"ಮತ್ತೆ ನೀವು?" ಎಂದು ಲಾರ್ಸನ್ ಮೆಲ್ಲಗೆ ಕೇಳಿದರು. "ನಮ್ಮ ಪ್ರವಾದಿ ಕಂಡದ್ದು ನಿಜವೆಂದು ನಿಮಗೆ ಗೊತ್ತೇ?"

"ಗೊತ್ತು!" ಎಂದ ಆಸ್ವಾಲ್ಡ್. ದನಿ ಕೋಣೆಗೆ ಹೆಚ್ಚಾಯಿತು. "ನನಗೆ ಗೊತ್ತು. ನಿಜ. ಬೇಗ ಹೋಗಬೇಕು ಸಾರ್, ಮುಂದಿನ ತಿಂಗಳೇ. ಅವಳನ್ನು ನಾನು ಒಪ್ಪಿಸುತ್ತೇನೆ. ನೀವು ಹೇಗಾದರೂ ಮಾಡಿ ರಜೆ ಕೊಡಿಸಿ." ಕೈ ಜೋಡಿಸಿದ್ದು ಅವನಿಗೇ ತಿಳಿಯಲಿಲ್ಲ. ಲಾರ್ಸನ್ ಎದ್ದು ಬಂದು ಅವನನ್ನು ತಬ್ಬಿಕೊಂಡರು. ಅವರ ಅಂಗಿಯಲ್ಲಿ ಒಗೆದ ಸೋಪಿನ ವಾಸನೆಯಿತ್ತು. ಇಂಥ ಸಾಕ್ಷಿಯನ್ನು ಬಹಳ ವರ್ಷಗಳಿಂದ ಕೇಳಿರಲಿಲ್ಲ ಎಂದರು.

ಹೊರಗೆ ಬಿಸಿಲು ಮುಖಕ್ಕೆ ಹೊಡೆಯಿತು. ಗೋಡೆಯ ಪಕ್ಕದಲ್ಲಿ ನಿಲ್ಲಿಸಿದ್ದ ಕಾರಿನ ಹಿಂದಿನ ಬಾಗಿಲನ್ನು ತೆರೆದು ಹಿಡಿದುಕೊಂಡು ಎಸ್ತರ್ ನಿಂತಿದ್ದಳು. ಸೆರಗನ್ನು ತಲೆಗೆ ಹಾಕಿಕೊಂಡಿರಲಿಲ್ಲ, ಅದನ್ನು ಸೀಟಿನ ಕಡೆಗೆ ನೆರಳಾಗುವ ಹಾಗೆ ಎತ್ತಿ ಹಿಡಿದಿದ್ದಳು.

"ಎಂಥ ಹೇಳಿದರು?"

"ಮುಂದಿನ ತಿಂಗಳು ಹೋಗುವ."

"ಎಲ್ಲಿಗೆ?"

"ಮನಿಲಕ್ಕೆ. ನಾನು ಹೂಂ ಹೇಳಿದೆ ಎಸ್ತರ್. ನೀನು ಸಹ ಹೇಳು. ಒಂದು ಮಾತು ಅಷ್ಟೇ ಅಲ್ವ?"

ಎಸ್ತರ್ ಅವನನ್ನು ನೋಡಿದಳು. ಸಿಟ್ಟು ಇರಲಿಲ್ಲ, ಅವನಿಗೆ ಇಷ್ಟು ಸಣ್ಣ ವಿಷಯ ಯಾಕೆ ತಿಳಿಯುವುದಿಲ್ಲ ಎಂಬ ಬೇಸರವಿತ್ತು. "ಎರಡು ಸಲ ರಜೆ ಆಗಲಿ, ರಜೆ ಆಗಲಿ ಅಂತ ಕಾದು ಕಾದು ಕಳಕೊಂಡದ್ದು ಸಾಕಾಗಲಿಲ್ವ ನಿಮಗೆ? ಈಗ ಅವಳಷ್ಟಕ್ಕೆ ಅವಳು ಬಂದಿದ್ದಾಳೆ. ಇವತ್ತು ಹೊರಗೆ ಸಹ ಬಂದಳು, ಕೈ ಬಿಡ್ಲಿಲ್ಲ. ಮತ್ತೆ ಎಲ್ಲಿಗೆ ಕಳಿಸುವುದು ಹೇಳಿ? ಯಾರ ಹತ್ತಿರ?"

ಇಲ್ಲಿ ಯಾರೂ ಇಲ್ಲ ಎಂದು ಹೇಳಬೇಕಿತ್ತು. ಅವನ ಬಳಿ ಉಳಿದದ್ದು ಅದೊಂದೇ ನಿಜ. ಅದನ್ನು ಹೇಳಿದರೆ ಆಸ್ಪತ್ರೆಯ ಮಂಚದ ಬಳಿ ಲೋಟದ ನೀರು ಮುಟ್ಟದೆ ನಿಂತವನು ಇನ್ನೊಮ್ಮೆ ಅಲ್ಲಿಯೇ ನಿಂತ ಹಾಗೆ. ಆಸ್ವಾಲ್ಡ್ ಬಾಗಿ ಕಾರಿನೊಳಗೆ ನೋಡಿದ. ಬಿಸಿಲಿಗೆ ಕಾದ ರೆಕ್ಸಿನ್ ಸೀಟು, ಅದರ ಮೇಲೆ ಮಡಿಸಿಟ್ಟ ಟವೆಲು, ಕಿಟಕಿಯ ಗಾಜಿನಲ್ಲಿ ಧೂಳು. ಕಣ್ಣು ಕೀಲಿಸಿ ನೋಡಿದ, ಒಳಗೊಳಗೇ ಬೇಡಿ ನೋಡಿದ. ಏನೂ ಕಾಣಲಿಲ್ಲ. ಸದ್ದೂ ಇರಲಿಲ್ಲ. ಎಸ್ತರ್ ಬಾಗಿಲಿನ ಅಂಚಿನುದ್ದಕ್ಕೂ ಅಂಗೈ ಸವರಿ, ಅಲ್ಲಿ ಬೆರಳು ಸಿಕ್ಕಿಕೊಂಡಿಲ್ಲವೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಬಾಗಿಲು ಒತ್ತಿದಳು. ಮುಂದೆ ಬಂದು ಗಂಡನ ಪಕ್ಕದಲ್ಲಿ ಕೂತಳು. ಅವನು ಕೀ ಹಾಕಿದ, ತಿರುಗಿಸಲಿಲ್ಲ. ಎದುರಿನ ಬಿಳಿ ಗೋಡೆಯನ್ನು ನೋಡುತ್ತ, ಹಿಂದೆ ತಿರುಗದೆ, ಕೇಳಿದ.

"ಕೂತಳಾ?"

"ಹೂಂ" ಎಂದಳು ಎಸ್ತರ್. "ಮೆಲ್ಲಗೆ ಬಿಡಿ."